ಕತ್ತಿಯ ಕಥೆ ಸಾಕು, ಮಗ್ಗದ ಲೆಕ್ಕ ಹೇಳ್ರಿ

‘ಶೋಗನ್’ ಸರಣಿಗೆ 2024ರಲ್ಲಿ ಒಂದೇ ಸಲ 18 ಎಮ್ಮಿ ಪ್ರಶಸ್ತಿ ಬಂದ ಮೇಲೆ ಸಮುರಾಯ್ ಹುಚ್ಚು ನಮ್ಮ ಶಿರೂರಿನ ತನಕ ಬಂದು ಮುಟ್ಟಿದೆ. ಚಹಾದಂಗಡಿ ಮುಂದೆ ಕೂತ ಹುಡುಗರ ಫೋನಿನಾಗ ಜಪಾನಿ ಕತ್ತಿ ಝಳಪಿಸುವ ತುಣುಕುಗಳು. ಅದರ ಬೆನ್ನಿಗೇ ವಾಟ್ಸ್ಯಾಪ್‌ನಾಗ ಇನ್ನೊಂದು ಚರ್ಚೆ: ನಮ್ಮಲ್ಲೂ ಇಂಥ ವೀರ ಮನೆತನಗಳಿದ್ದವು, ನಾವೇ ಅವರನ್ನ ಮರೆತೆವು, ಸರ್ಕಲ್‌ನಾಗ ಒಂದು ಮೂರ್ತಿ ನಿಲ್ಲಿಸಬೇಕು, ಜಯಂತಿ ಮಾಡಬೇಕು. ಮೂರ್ತಿಗೆ ನನ್ನ ತಕರಾರಿಲ್ಲ. ಆದರೆ ಆ ಚರ್ಚೆಯೊಳಗೆ ಕತ್ತಿ ಹಿಡಿದವನ ಹೆಸರು ನೂರು ಸಲ ಬಂತು. ಕತ್ತಿ ಮಾಡಿದವನ, ಬಟ್ಟೆ ನೇಯ್ದವನ, ಕಲ್ಲು ಕಟೆದವನ ಹೆಸರು ಒಂದು ಸಲವೂ ಬರಲಿಲ್ಲ. ಸಮುರಾಯ್‌ಗಳ ಜಪಾನಿನಿಂದ ನಾವು ಕಲಿಯುವುದು ಏನಾದರೂ ಇದ್ದರೆ ಅದು ಇಲ್ಲೇ ಇದೆ.

ಮೊದಲು ನಮ್ಮ ಜಿಲ್ಲೆಯ ಮಾತು. ಕತ್ತಿಯ ವಿಷಯದಾಗ ಜಪಾನಿಗೂ ಬಾಗಲಕೋಟೆಗೂ ಒಂದು ಹೋಲಿಕೆ ಇದೆ. ಮುಧೋಳ ತಾಲ್ಲೂಕಿನ ಹಲಗಲಿ ಬೇಡರ ಕಥೆ ಹತ್ತನೇ ಇಯತ್ತೆ ಕಲಿತವರಿಗೆಲ್ಲ ಗೊತ್ತು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಆಯುಧ ತಂದು ಒಪ್ಪಿಸ್ರಿ, ಇಟ್ಟುಕೊಳ್ಳಬೇಕಂದ್ರೆ ಪರವಾನಗಿ ತಗೊಳ್ರಿ ಅಂದರು. ಬೇಡರ ಪಾಲಿಗೆ ಕತ್ತಿ ಬರೀ ಹತಾರವಲ್ಲ, ಬೇಟೆ, ಕಾವಲು, ಮಾನ ಎಲ್ಲಾ ಅದರಾಗೇ ಇತ್ತು. ಕೊಡಲಿಲ್ಲ. ನವೆಂಬರ್ ಕೊನೆಗೆ ಬ್ರಿಟಿಷ್ ದಂಡು ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿ ಬಿತ್ತು, 290 ಮಂದಿ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ, 14ರಂದು ಹಲಗಲಿಯಲ್ಲಿ, ಒಟ್ಟು 19 ಮಂದಿಯನ್ನ ಗಲ್ಲಿಗೆ ಹಾಕಿದರು.

ಇದಾಗಿ ಹತ್ತೊಂಬತ್ತು ವರ್ಷಕ್ಕೆ, 1876ರ ಮಾರ್ಚ್‌ನಾಗ, ಜಪಾನಿನ ಮೇಜಿ ಸರ್ಕಾರ ಸಮುರಾಯ್‌ಗಳು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ತಿರುಗುವುದನ್ನ ನಿಷೇಧಿಸಿತು. ಅಲ್ಲಿಯೂ ದಂಗೆ ಆಯಿತು. 1877ರಲ್ಲಿ ಸೈಗೋ ತಕಮೋರಿಯ ನೇತೃತ್ವದಲ್ಲಿ ಸತ್ಸುಮಾದ ಸಮುರಾಯ್‌ಗಳು ಎದ್ದರು, ಸೋತರು. ಅಲ್ಲಿ ಕತ್ತಿ ಕಸಿದದ್ದು ಸ್ವಂತ ಸರ್ಕಾರ, ಇಲ್ಲಿ ಪರದೇಶದವರು ಅನ್ನೋ ವ್ಯತ್ಯಾಸ ದೊಡ್ಡದೇ. ಆದರೆ ಆಮೇಲೆ ಏನಾಯಿತು ಅಂತ ನೋಡಿದರೆ ವ್ಯತ್ಯಾಸ ಇನ್ನೂ ದೊಡ್ಡದಾಗ್ತದೆ. ಜಪಾನಿನ ಸೆಕಿ ಊರು ಮಧ್ಯಯುಗದಿಂದ ಕತ್ತಿ ಬಡಿಯುವವರ ಊರು. ಕತ್ತಿಗೆ ಗಿರಾಕಿ ಹೋದ ಮೇಲೆ ಅಲ್ಲಿನ ಕಮ್ಮಾರರು ಅಡಿಗಿ ಮನೆ ಚಾಕು, ಕತ್ತರಿ, ಕ್ಷೌರದ ಬ್ಲೇಡಿನ ಕಡೆ ತಿರುಗಿದರು. ಇವತ್ತು ಸೆಕಿ ಚಾಕು ಜಗತ್ತಿನ ದೊಡ್ಡ ಹೋಟೆಲುಗಳ ಅಡಿಗಿ ಮನೆಯೊಳಗಿದೆ. ಹಲಗಲಿಯವರ ಕತ್ತಿ ಬಡಿದುಕೊಟ್ಟ ಕಮ್ಮಾರ ಯಾರು? ಆ ಮನೆಯವರು ಆಮೇಲೆ ಏನು ಮಾಡಿದರು? ಲಾವಣಿ ಕಟ್ಟಿದವರು ಬೇಡರ ಹೆಸರು ಉಳಿಸಿದರು, ಅದು ಅವರ ದೊಡ್ಡತನ. ಕಮ್ಮಾರನ ಹೆಸರು ಲಾವಣಿಯೊಳಗೂ ಇಲ್ಲ, ಸರ್ಕಾರಿ ದಫ್ತರದಾಗೂ ಇಲ್ಲ.

ಹಂಗಂತ ಜಪಾನಿನ ಮನೆತನಗಳು ಕುಶಲಕರ್ಮಿಗಳನ್ನ ಮಮತೆಯಿಂದ ಸಾಕಿದವು ಅಂತ ತಿಳಿಯಬಾರದು. ಪ್ರವಾಸೋದ್ಯಮದ ಕರಪತ್ರಗಳಲ್ಲಿ ಹಂಗೇ ಬರೀತಾರೆ, ಇತಿಹಾಸ ಬೇರೆ ಹೇಳ್ತದೆ. 1590ರ ದಶಕದಲ್ಲಿ ಹಿದೆಯೋಶಿ ಕೊರಿಯಾದ ಮೇಲೆ ದಂಡೆತ್ತಿ ಹೋದಾಗ ಅವನ ಜತೆ ಹೋದ ದೊರೆಗಳು ವಾಪಸ್ ಬರುವಾಗ ಕೊರಿಯಾದ ಕುಂಬಾರರನ್ನ ಹಿಡಿದುಕೊಂಡು ಬಂದರು. ಶಿಮಾಜು ಮನೆತನದ ಸತ್ಸುಮಾ ಮಡಿಕೆ, ನಬೆಶಿಮಾ ಮನೆತನದ ಅರಿತಾ ಪಿಂಗಾಣಿ ಹುಟ್ಟಿದ್ದು ಹೀಗೆ ತಂದವರ ಕೈಯಿಂದ. ನಬೆಶಿಮಾದವರು ತಮ್ಮ ಒಳ್ಳೊಳ್ಳೆ ಕುಂಬಾರರನ್ನ ಬೆಟ್ಟದ ಸಂದಿಯ ಓಕವಾಚಿಯಾಮಾ ಅನ್ನೋ ಊರಿನಾಗ ಇಟ್ಟು, ದಾರಿಗೆ ಕಾವಲು ಹಾಕಿದ್ದರು. ಕಸುಬಿನ ಗುಟ್ಟು ಹೊರಗೆ ಹೋಗಬಾರದು ಅಂತ. ಆಶ್ರಯ ಅನ್ನೋ ಮಾತಿನೊಳಗೆ ಸೆರೆಯೂ ಇತ್ತು.

ಕಾಗಾ ಪ್ರಾಂತದ ಮಾಯೆದಾ ಮನೆತನದ್ದು ಇನ್ನೊಂದು ಲೆಕ್ಕ. ಹತ್ತು ಲಕ್ಷ ಕೊಕು ಅಕ್ಕಿಯ ಹುಟ್ಟುವಳಿಯ ಸೀಮೆ ಅವರದು, ತೊಕುಗಾವಾ ಶೋಗನ್‌ರನ್ನ ಬಿಟ್ಟರೆ ಅವರೇ ಶ್ರೀಮಂತರು. ಆ ದುಡ್ಡನ್ನ ದಂಡಿಗೆ ಹಾಕಿದರೆ ಶೋಗನ್‌ಗೆ ಸಂಶಯ ಬರ್ತದೆ. ಅದಕ್ಕೇ ಕರಕುಶಲಕ್ಕೆ ಹಾಕಿದರು. ಕವಚ, ಆಯುಧ ದುರಸ್ತಿ ಮಾಡುವ ಅವರ ಕಾರ್ಖಾನೆ ಮುಂದೆ ಮೆರುಗೆಣ್ಣೆ, ಲೋಹದ ಕುಸುರಿ ಮಾಡುವ ಜಾಗವಾಯಿತು. ಇವತ್ತು ಜಪಾನಿನಲ್ಲಿ ತಯಾರಾಗುವ ಚಿನ್ನದ ರೇಕು ಹೆಚ್ಚುಕಡಿಮೆ ಎಲ್ಲಾ ಅವರ ರಾಜಧಾನಿಯಾಗಿದ್ದ ಕನಜಾವಾದ್ದೇ. ಅಂಜಿಕೆ ಮತ್ತು ರಾಜಕಾರಣದಿಂದ ಹುಟ್ಟಿದ ಕಲೆ ಅದು. ಇರಲಿ, ಹುಟ್ಟಿತಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರ ಅನಿಸೋದು ಯೊನೆಜಾವಾದ ಉಯೆಸುಗಿ ಮನೆತನದ ಕಥೆ, ಯಾಕಂದ್ರೆ ಅದು ಮಗ್ಗದ ಕಥೆ. ಒಂದು ಕಾಲಕ್ಕೆ 12 ಲಕ್ಷ ಕೊಕು ಆಳಿದ ಮನೆತನ 1600ರ ಸೆಕಿಗಹರಾ ಯುದ್ಧದಾಗ ಸೋತ ಪಕ್ಷದ ಕಡೆ ಇತ್ತು. ಗೆದ್ದವರು ಅವರ ಸೀಮೆಯನ್ನ 3 ಲಕ್ಷಕ್ಕೆ ಇಳಿಸಿದರು, 1664ರಲ್ಲಿ ಮತ್ತೆ 1.5 ಲಕ್ಷಕ್ಕೆ. ಆದರೆ ಉಯೆಸುಗಿಗಳು ತಮ್ಮ ಸಮುರಾಯ್‌ಗಳನ್ನ ಕೆಲಸದಿಂದ ತೆಗೆಯಲಿಲ್ಲ. ಹುಟ್ಟುವಳಿ ಎಂಟರಲ್ಲಿ ಒಂದು ಪಾಲಾಯಿತು, ಉಣ್ಣುವ ಬಾಯಿ ಅಷ್ಟೇ ಉಳಿದವು. ಸಾಲ ಕುತ್ತಿಗಿ ತನಕ ಬಂತು. 1767ರಲ್ಲಿ ಗಾದಿಗೆ ಬಂದ ಹದಿಹರೆಯದ ಹರುನೋರಿ, ಮುಂದೆ ಯೋಜಾನ್ ಅಂತ ಹೆಸರಾದವನು, ಮೊದಲು ಅರಮನೆಯ ಖರ್ಚು ಕಡಿಮಿ ಮಾಡಿದ. ಹಿಪ್ಪುನೇರಳೆ ಗಿಡ ಹಚ್ಚಿಸಿದ. ಹೊರಗಿನಿಂದ ನೇಕಾರರನ್ನ ಕರೆಸಿ ಸಮುರಾಯ್ ಮನೆಗಳ ಹೆಣ್ಣುಮಕ್ಕಳಿಗೆ ನೇಯ್ಗಿ ಕಲಿಸಿದ. ಕತ್ತಿ ಹಿಡಿಯುವ ಮನೆತನದ ಹೆಣ್ಣುಮಕ್ಕಳು ಮಗ್ಗಕ್ಕೆ ಕೂತರು, ಆ ಕಾಲದ ಜಪಾನಿನಲ್ಲಿ ಸಣ್ಣ ಮಾತಲ್ಲ ಇದು. ಯೊನೆಜಾವಾ ರೇಷ್ಮೆ ಇವತ್ತಿಗೂ ಇದೆ.

ಈ ಯೊನೆಜಾವಾದ್ದೇ ಇನ್ನೊಂದು ಎಳೆ ನಮ್ಮ ಕಡೆಗೆ ಬರ್ತದೆ. ಜಪಾನಿನ ಮೊದಲ ರೇಯಾನ್ ತಯಾರಾದದ್ದು 1910ರ ದಶಕದಲ್ಲಿ ಅದೇ ಊರಿನಾಗ. 1918ರಲ್ಲಿ ಅದರಿಂದಲೇ ತೇಜಿನ್ ಕಂಪನಿ ಹುಟ್ಟಿತು. 1930ರ ದಶಕದ ಹೊತ್ತಿಗೆ ಜಪಾನು ಜಗತ್ತಿಗೇ ದೊಡ್ಡ ರೇಯಾನ್ ಉತ್ಪಾದಕ, ಮುಂಬಯಿ ಪೇಟೆ ಅದರ ಮಾಲಿನಿಂದ ತುಂಬಿತ್ತು. ರೇಷ್ಮೆ ತುಟ್ಟಿಯಾದಾಗ ಇಳಕಲ್ ಸೀರೆಯ ದಡಿ, ಸೆರಗಿಗೆ ಬಂದು ಸೇರಿದ ಆರ್ಟ್ ಸಿಲ್ಕ್, ನಾವು ಚಮಕಾ ಅನ್ನೋದು, ಇದೇ ಜಾತಿಯ ನೂಲು. ‘ಶುದ್ಧ ಪರಂಪರೆ’ ಅನ್ನುವವರು ಇದನ್ನ ಗಮನಿಸಬೇಕು. ಕಸುಬು ಬದುಕಿದ್ದೇ ಹೊಸದನ್ನ ಒಳಗೆ ಬಿಟ್ಟುಕೊಂಡು.

ಈಗ ನಮ್ಮ ರಾಜಮನೆತನಗಳ ಕಡೆ ಬರೋಣ. ಬಾದಾಮಿ ಚಾಲುಕ್ಯರು ಈ ನೆಲದ ದೊಡ್ಡ ಕತ್ತಿ. ಎರಡನೇ ವಿಕ್ರಮಾದಿತ್ಯ ಕಂಚಿಯನ್ನ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸಿದಳು, ಇವತ್ತಿನ ವಿರೂಪಾಕ್ಷ ಗುಡಿ. ಯುನೆಸ್ಕೊ 1987ರಲ್ಲಿ ಪಟ್ಟದಕಲ್ಲನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಶಿಲ್ಪ ನೋಡ್ತಾರೆ, ಸೆಲ್ಫಿ ತಗೀತಾರೆ. ಆ ಗುಡಿಯ ಶಾಸನದಾಗ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರಿದೆ, ಅವನಿಗೆ ‘ತ್ರಿಭುವನಾಚಾರಿ’ ಬಿರುದು ಕೊಟ್ಟದ್ದು ದಾಖಲಾಗಿದೆ. ಸರ್ವಸಿದ್ಧಿ ಆಚಾರಿ ಅನ್ನೋ ಇನ್ನೊಬ್ಬನ ಹೆಸರೂ ಇದೆ. ಐಹೊಳೆಯಲ್ಲಿ ನರಸೊಬ್ಬ ಅನ್ನೋ ಶಿಲ್ಪಿಯ ಹೊಗಳಿಕೆಯೇ ಕಲ್ಲಿನ ಮೇಲಿದೆ. ಯುದ್ಧ ಗೆದ್ದ ಅರಸನ ಹೆಸರಿರೋ ಗುಡಿಯೊಳಗೆ ಕಲ್ಲು ಕಟೆದವನ ಹೆಸರನ್ನೂ ಕೆತ್ತಿಸಿದರು, 1,300 ವರ್ಷದ ಹಿಂದೆ. ಜಪಾನಿನ ಕತ್ತಿಯಲ್ಲೂ ಹಂಗೇ: ಹಿಡಿಯೊಳಗೆ ಅಡಗುವ ಕಬ್ಬಿಣದ ತುಂಡಿನ ಮೇಲೆ ಕಮ್ಮಾರ ತನ್ನ ಸಹಿ ಕೊರೀತಾನೆ. ಹಿಡಿ ಬಿಚ್ಚಿದರೆ ಮಾತ್ರ ಕಾಣುತ್ತದೆ. ನೂರಾರು ವರ್ಷದ ಹಳೇ ಕತ್ತಿಯನ್ನ ಯಾರು ಮಾಡಿದ್ದು ಅಂತ ಇವತ್ತು ಹೇಳೋದಕ್ಕೆ ಬರೋದು ಆ ಸಹಿಯಿಂದ.

ಇಳಕಲ್ ಸೀರೆಯ ಮೇಲೆ ಯಾರ ಹೆಸರಿದೆ? ಅಂಗಡಿಯ ಹೆಸರು.

ಹೆಸರು ಅಂದರೆ ಬರೀ ಗೌರವದ ಪ್ರಶ್ನೆ ಅಲ್ಲ, ದುಡ್ಡಿನ ಪ್ರಶ್ನೆ. ಜಪಾನಿನಲ್ಲಿ 1871ರಲ್ಲಿ ದೊರೆಗಳ ಸೀಮೆಗಳನ್ನ ರದ್ದು ಮಾಡಿದಾಗ ಕುಶಲಕರ್ಮಿಗಳ ದೊಡ್ಡ ಗಿರಾಕಿಯೇ ಮಾಯವಾದ. (ನಮ್ಮಲ್ಲಿ ಮುಧೋಳದ ಘೋರ್ಪಡೆಯವರಂಥ ಸಂಸ್ಥಾನಗಳು 1948ರಲ್ಲಿ ವಿಲೀನವಾದವು, ಅರಸರ ರಾಜಧನ ನಿಂತದ್ದು 1971ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ಘೋರ್ಪಡೆಯವರು ಸಾಕಿದ ಮುಧೋಳ ನಾಯಿಗೆ ಇವತ್ತು ಸೈನ್ಯದಾಗ ಜಾಗ ಸಿಕ್ಕಿದೆ, ಪ್ರಧಾನಿಯ ಬಾಯಲ್ಲಿ ಹೆಸರು ಬಂದಿದೆ. ನಾಯಿಗೆ ಸಿಕ್ಕ ಅದೃಷ್ಟ ನೇಕಾರನಿಗೆ ಸಿಗಲಿಲ್ಲ ಅಂತ ನಮ್ಮ ಕಡೆ ಚೇಷ್ಟೆ ಮಾಡ್ತಾರೆ.) ಗಿರಾಕಿ ಹೋದ ಮರುವರ್ಷವೇ, 1872ರಲ್ಲಿ, ಕ್ಯೋಟೊದ ನಿಶಿಜಿನ್ ನೇಕಾರರ ಒಂದು ತಂಡ ಫ್ರಾನ್ಸಿನ ಲಿಯೋನ್‌ಗೆ ಹೋಗಿ ಜಕಾರ್ಡ್ ಮಗ್ಗ ಕಲಿತು ತಂದಿತು. ಆಮೇಲೆ ಕಾಯ್ದೆಗಳು ಬಂದವು. 1950ರ ಸಾಂಸ್ಕೃತಿಕ ಸ್ವತ್ತು ರಕ್ಷಣಾ ಕಾಯ್ದೆಯಡಿ ಗುಡಿ, ಅರಮನೆಗಳ ಜತೆಗೆ ಮನುಷ್ಯನ ಕೈಯ ವಿದ್ಯೆಯನ್ನೂ ಸ್ವತ್ತು ಅಂತ ಎಣಿಸಿದರು. ಆ ವಿದ್ಯೆ ಬಲ್ಲವರನ್ನ ಜನ ‘ಜೀವಂತ ರಾಷ್ಟ್ರೀಯ ನಿಧಿ’ ಅಂತಾರೆ. ಅವರಿಗೆ ವರ್ಷಕ್ಕೆ 20 ಲಕ್ಷ ಯೆನ್, ನಮ್ಮ ಹತ್ತು ಲಕ್ಷ ರೂಪಾಯಿಗೂ ಮೇಲೆ. ಆ ದುಡ್ಡು ಮುಂದಿನವರಿಗೆ ಕಲಿಸೋದಕ್ಕೆ, ಕಸುಬು ಬೆಳೆಸೋದಕ್ಕೆ. 1974ರ ಇನ್ನೊಂದು ಕಾಯ್ದೆ ಸಾಂಪ್ರದಾಯಿಕ ಕರಕುಶಲ ಅಂದರೆ ಏನು ಅಂತ ಬಿಗಿಯಾಗಿ ಹೇಳಿತು: ದಿನಬಳಕೆಯ ವಸ್ತು ಇರಬೇಕು, ಮುಖ್ಯ ಕೆಲಸ ಕೈಯಿಂದಲೇ ಆಗಬೇಕು, ನೂರು ವರ್ಷದ ವಿಧಾನ ಮತ್ತು ಸಾಮಗ್ರಿ ಇರಬೇಕು, ಒಂದು ಪ್ರದೇಶದಲ್ಲಿ ಒಂದಷ್ಟು ಮಂದಿ ಮಾಡ್ತಿರಬೇಕು. ಅಂಥ 240ಕ್ಕೂ ಹೆಚ್ಚು ವಸ್ತುಗಳಿಗೆ ಮುದ್ರೆ ಇದೆ. ಹನ್ನೆರಡು ವರ್ಷ ಕೆಲಸ ಮಾಡಿ, ಪರೀಕ್ಷೆ ಪಾಸಾದವನಿಗೆ ಅಧಿಕೃತ ಕುಶಲಕರ್ಮಿ ಅನ್ನೋ ಪದವಿ. ಕತ್ತಿ ಮಾಡುವವನಿಗಂತೂ ಐದು ವರ್ಷ ಗುರುವಿನ ಕೈಕೆಳಗೆ ಕಲಿತರೆ ಮಾತ್ರ ಪರವಾನಗಿ, ತಿಂಗಳಿಗೆ ಎರಡೇ ಉದ್ದ ಕತ್ತಿ.

ಇಷ್ಟೆಲ್ಲ ಮಾಡಿಯೂ ಜಪಾನು ಗೆದ್ದಿಲ್ಲ. 1970ರ ದಶಕದ ಕೊನೆಗೆ ಆ ಕಸುಬುಗಳಲ್ಲಿ 2.8 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು, ಈಗ ಅದರ ಒಂದು ಸಣ್ಣ ಪಾಲು ಮಾತ್ರ. ಮುದುಕರೇ ಹೆಚ್ಚು. ಕಿಮೋನೊ ಉಡೋದು ಮದುವೆ ಮುಂಜಿಗಷ್ಟೇ. ಅಂದರೆ ಕಾಯ್ದೆ ಕಸುಬನ್ನ ಉಳಿಸ್ತದೆ ಅನ್ನೋ ಭ್ರಮೆ ನನಗಿಲ್ಲ. ಆದರೆ ಉಳಿದ ಮಂದಿ ತಾವು ಮಾಡಿದ್ದಕ್ಕೆ ತಾವೇ ಬೆಲೆ ಹೇಳುವ ಸ್ಥಿತಿಯಲ್ಲಿದ್ದಾರೆ. 2024ರ ಜನವರಿ 1ರಂದು ನೊಟೊ ಭೂಕಂಪದಾಗ ವಾಜಿಮಾದ ಮೆರುಗೆಣ್ಣೆ ಕಾರ್ಖಾನೆಗಳು ಬಿದ್ದವು, ಸುಟ್ಟವು. ಕೆಲವೇ ತಿಂಗಳೊಳಗೆ ಕುಶಲಕರ್ಮಿಗಳಿಗೆ ತಾತ್ಪೂರ್ತಿಕ ಕೆಲಸದ ಕೋಣೆ ಕಟ್ಟಿಕೊಟ್ಟರು. 2019ರ ಆಗಸ್ಟ್‌ನಾಗ ಮಲಪ್ರಭಾ, ಘಟಪ್ರಭಾ ಉಕ್ಕಿದಾಗ ನಮ್ಮಲ್ಲಿ ಮಗ್ಗದ ತಗ್ಗಿನೊಳಗೆ ನೀರು ನಿಂತದ್ದು, ಹಾಸು ಕೊಳೆತದ್ದು, ಪರಿಹಾರದ ಅರ್ಜಿ ಹಿಡಿದು ಮಂದಿ ಕಚೇರಿಯಿಂದ ಕಚೇರಿಗೆ ತಿರುಗಿದ್ದು ನೆನಪಿಸಿಕೊಂಡರೆ ಹೋಲಿಕೆ ತಾನೇ ಆಗ್ತದೆ.

ನಮ್ಮ ಲೆಕ್ಕ ನೋಡ್ರಿ. 2009-10ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ 43.31 ಲಕ್ಷ ನೇಕಾರರು ಮತ್ತು ಪೂರಕ ಕೆಲಸಗಾರರು. 2019-20ರಲ್ಲಿ 35.22 ಲಕ್ಷ. ಅವರಲ್ಲಿ 72 ಶೇಕಡಾ ಹೆಣ್ಣುಮಕ್ಕಳು. ನೇಕಾರ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲಿನ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಇದೇ 2020ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ಮುಚ್ಚಿತು. ನೇಕಾರರ ಮಾತು ದಿಲ್ಲಿಗೆ ಮುಟ್ಟಿಸುತ್ತಿದ್ದ ಒಂದು ಕಿಂಡಿ, ಅದೂ ಹೋಯಿತು. ರಾಜ್ಯದ ನೇಕಾರ ಸಮ್ಮಾನ್ ಯೋಜನೆ ವರ್ಷಕ್ಕೆ 2,000 ರೂಪಾಯಿಂದ ಶುರುವಾಗಿ 5,000ಕ್ಕೆ ಬಂತು. ದಿನಕ್ಕೆ ಹಂಚಿದರೆ 14 ರೂಪಾಯಿ ಸಹ ಆಗಲ್ಲ. ಸಮ್ಮಾನ್ ಅಂತ ಹೆಸರಿಡುವಾಗ ಯಾರಿಗೂ ನಗು ಬರಲಿಲ್ಲವೋ ಏನೋ.

ಕಾಯ್ದೆ ನಮ್ಮಲ್ಲೂ ಇದೆ. 1985ರ ಕೈಮಗ್ಗ ಮೀಸಲು ಕಾಯ್ದೆ ಮೊದಲು 22 ಬಗೆಯ ಬಟ್ಟೆಯನ್ನ ಕೈಮಗ್ಗಕ್ಕೆ ಮೀಸಲಿಟ್ಟಿತು, ಆಮೇಲೆ ಅದು 11ಕ್ಕೆ ಇಳಿಯಿತು. ಸೀರೆ ಇನ್ನೂ ಆ ಪಟ್ಟಿಯೊಳಗಿದೆ. ಇಳಕಲ್ ಸೀರೆಗೆ ಜಿಐ ಬಂದು ಹದಿನೈದು ವರ್ಷ ದಾಟಿತು, ಗುಳೇದಗುಡ್ಡದ ಖಣಕ್ಕೂ ಇದೆ. ಕೈಮಗ್ಗದ ಮುದ್ರೆ 2006ರಿಂದ ಇದೆ. ಆದರೆ ಬಾಗಲಕೋಟೆಯ ಪೇಟೆಯಾಗ ಅರ್ಧ ತಾಸು ತಿರುಗಿದರೆ ಸಾಕು, ‘ಇಳಕಲ್ ಸೀರೆ’ ಅನ್ನೋ ಫಲಕದ ಕೆಳಗೆ ಪಾಲಿಯೆಸ್ಟರ್ ನೂಲಿನ ಪವರ್‌ಲೂಮ್ ಸೀರೆ ರಾಶಿ ಬಿದ್ದಿರ್ತದೆ. ಬೆಲೆ ಕೈಮಗ್ಗದ್ದರ ಕಾಲು ಭಾಗ. ಕೊಳ್ಳುವವಳಿಗೆ ವ್ಯತ್ಯಾಸ ಹೇಳುವವರಿಲ್ಲ, ಹೇಳುವ ಅಗತ್ಯ ಅಂಗಡಿಯವನಿಗಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಪವರ್‌ಲೂಮ್ ನಡೆಸುವವನು ಖಳನಾಯಕ ಅಲ್ಲ. ಇಳಕಲ್, ಗುಳೇದಗುಡ್ಡ, ಕಮತಗಿ, ಯಾವ ಊರಿಗೆ ಹೋದರೂ ಅಪ್ಪನದು ಕೈಮಗ್ಗ, ಮಗನದು ಪವರ್‌ಲೂಮ್ ಇರುವ ಮನೆಗಳು ಸಿಗ್ತವೆ. ಅವನಿಗೂ ಸಾಲ ಇದೆ, ಅವನ ಮಾಲಿಗೂ ಸೂರತ್ತಿನವರ ಪೈಪೋಟಿ ಇದೆ. ರಾಜ್ಯ ಸರ್ಕಾರ 10 ಎಚ್.ಪಿ.ವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಘೋಷಿಸಿದ್ದು ಅವನ ಮಟ್ಟಿಗೆ ಸರಿಯೇ. ಆದರೆ ಕೈಮಗ್ಗಕ್ಕೆ ಕರೆಂಟೇ ಬೇಡ. ಹಂಗಾಗಿ ಆ ಸಹಾಯದಾಗ ಅದಕ್ಕೆ ಏನೂ ಬರಲಿಲ್ಲ, ಪೈಪೋಟಿ ಮಾತ್ರ ಒಂದು ಗೇಣು ಹೆಚ್ಚಾಯಿತು. ನನ್ನ ತಕರಾರು ಇಷ್ಟೇ: ಪವರ್‌ಲೂಮ್ ಸೀರೆ ಪವರ್‌ಲೂಮ್ ಸೀರೆ ಅಂತಲೇ ಮಾರಾಟವಾಗಲಿ.

ಇಳಕಲ್ ಸೀರೆ ಯಾಕೆ ಕೈಮಗ್ಗದ್ದೇ ಅಂತ ತಿಳಿಯಬೇಕಂದ್ರೆ ಅದರ ಕೊಂಡಿ ನೋಡಬೇಕು. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿ ಇರಬಹುದು, ಸೆರಗು ರೇಷ್ಮೆಯದೋ ಚಮಕಾದ್ದೋ. ಈ ಎರಡನ್ನ ಎಳೆ ಎಳೆಗೂ ಕುಣಿಕೆ ಹಾಕಿ ಜೋಡಿಸಬೇಕು, ಒಂದೊಂದು ಸೀರೆಗೂ. ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳು ಕೂತು ಹಾಕ್ತಾರೆ. ಕಂಡಿಕೆ ಸುತ್ತೋದು, ಹಾಸು ಹಚ್ಚೋದು, ಕೊಂಡಿ ಹಾಕೋದು, ಯಾವುದಕ್ಕೂ ಬೇರೆ ಮಜೂರಿ ಇಲ್ಲ. ಮಾಲಕ ನೂಲು ಕೊಡ್ತಾನೆ, ನೇಯ್ದ ಸೀರೆಗೆ ಇಷ್ಟು ಅಂತ ಮಜೂರಿ ಕೊಡ್ತಾನೆ, ಅದು ಗಂಡಸಿನ ಕೈಗೆ ಬರ್ತದೆ. ಗಣತಿಯಲ್ಲಿ ‘ಪೂರಕ ಕೆಲಸ’ ಅನ್ನೋ ಕಾಲಂ ಒಳಗೆ ಸೇರಿಹೋಗೋದು ಈ ಕೆಲಸವೇ. ಅದಿಲ್ಲದಿದ್ದರೆ ತೋಪು ತೆನಿ ಸೆರಗು ಇಲ್ಲ, ಇಳಕಲ್ ಸೀರೆಯೇ ಇಲ್ಲ. ಗುಳೇದಗುಡ್ಡದ ಖಣದಾಗ ಸೂರ್ಯನಾರಾಯಣ, ಆನೆಹೆಜ್ಜೆ, ಸಿದ್ಧೇಶ್ವರ ಮುಕುಟ, ಕಳಾವರ ಅಂತ ಹೂವಿನ ಹೆಸರುಗಳಿವೆ. ಹೂವಿಗೆ ಹೆಸರಿದೆ, ನೇಯ್ದವಳಿಗಿಲ್ಲ.

ಮಾಲಕ ಮತ್ತು ನೇಕಾರನ ಈ ವ್ಯವಹಾರ ನೋಡುವಾಗ ನನಗೆ ನಬೆಶಿಮಾದ ಬೆಟ್ಟದ ಸಂದಿ ನೆನಪಾಗ್ತದೆ. ಕಾವಲುಗಾರ ಇಲ್ಲ, ಬೇಲಿ ಇಲ್ಲ. ಮುಂಗಡ ಇದೆ, ಅಷ್ಟೇ. ಮುಂಗಡ ತೀರುವ ತನಕ ಬೇರೆ ಮಾಲಕನ ನೂಲು ಮುಟ್ಟುವಂಗಿಲ್ಲ. ಮದುವೆ, ದವಾಖಾನೆ ಖರ್ಚು ಬಂತಂದ್ರೆ ಮುಂಗಡ ಮತ್ತೆ ಬೆಳೀತದೆ. ಜಿಐ ಪ್ರಮಾಣಪತ್ರ ಪ್ರದೇಶಕ್ಕೆ ಸಿಗ್ತದೆ. ಅದರ ಬಳಕೆದಾರ ಅಂತ ನೋಂದಣಿ ಮಾಡಿಸಿಕೊಳ್ಳಬೇಕಾದವನು ಕಾಗದಪತ್ರ ಇಟ್ಟು ಅರ್ಜಿ ಹಾಕಬೇಕು. ಮಜೂರಿಗೆ ನೇಯುವವನ ಹತ್ತಿರ ಆ ಕಾಗದ ಎಲ್ಲಿಂದ ಬರಬೇಕು? ಹಂಗಾಗಿ ಇಳಕಲ್ ಅನ್ನೋ ಹೆಸರಿನ ಲಾಭ ಹೆಸರು ತಂದುಕೊಟ್ಟವನ ಮನೆ ಮುಂದಿನಿಂದಲೇ ಹಾದು ಪೇಟೆಗೆ ಹೋಗ್ತದೆ.

ಮಾಡಬಹುದಾದದ್ದು ದೊಡ್ಡ ಸಂಗತಿಯೇನಲ್ಲ. ಕೈಮಗ್ಗದ ಪ್ರತಿ ಇಳಕಲ್ ಸೀರೆಗೆ ನೇಯ್ದವರ, ಕೊಂಡಿ ಹಾಕಿದವರ ಹೆಸರು, ಊರು ಇರುವ ಚೀಟಿ; ಅದನ್ನ ಅಂಗಡಿಯವನು ಕೊಡುವುದಲ್ಲ, ಮಗ್ಗದ ಹತ್ತಿರವೇ ನೇಕಾರ ಸಹಕಾರಿ ಸಂಘ ಹಚ್ಚಬೇಕು. ಕಲಿಸುವ ಹಿರಿಯರಿಗೆ ತಿಂಗಳ ಗೌರವಧನ, ಕಲಿಯುವ ಹುಡುಗ ಹುಡುಗಿಯರಿಗೆ ಕಲಿಕೆಯ ಕಾಲಕ್ಕೆ ಕೂಲಿ. ಕಾಯ್ದೆ ಮುರಿದ ಮಾರಾಟದ ಮೇಲೆ ದಾಳಿ ಮಾಡುವ ಅಧಿಕಾರಿ ಬೆಂಗಳೂರಿನಲ್ಲಿ ಕೂರುವ ಬದಲು ಇಳಕಲ್ಲಿನಲ್ಲಿ ಕೂರಲಿ. ಚಾಲುಕ್ಯ ಉತ್ಸವದ ವೇದಿಕೆ, ದೀಪ, ಹಾಡಿನವರ ಮೇಲೆ ಸುರಿಯುವ ದುಡ್ಡಿನಾಗ ಒಂದು ಪಾಲು ಇದಕ್ಕೆ ಬಂದರೂ ಶುರು ಮಾಡಬಹುದು. ಪುಲಕೇಶಿಯ ಹೆಸರಿನಾಗ ಭಾಷಣ ಮಾಡುವ ಶಾಸಕರು ಗುಂಡ ಆಚಾರಿಯ ಶಾಸನ ಒಂದು ಸಲ ಓದಿಸಿ ಕೇಳಬೇಕು, ಆ ಬಿರುದು ಯಾರಿಗೆ ಸಿಕ್ಕಿತು ಅಂತ.

1987-88, 1995-96, 2009-10, 2019-20: ಕೈಮಗ್ಗ ಗಣತಿ ಇಲ್ಲಿಯವರೆಗೆ ನಾಲ್ಕು ಸಲ ಆಗಿದೆ. ಐದನೆಯದು ಯಾವಾಗಲೋ ಬರ್ತದೆ. ಆಗ ಮನೆಗೆ ಬರುವವರು ಮಗ್ಗ ಎಷ್ಟು, ಆದಾಯ ಎಷ್ಟು, ಕರೆಂಟ್ ಇದೆಯೋ ಇಲ್ಲವೋ ಎಲ್ಲಾ ಕೇಳ್ತಾರೆ. ಅವರ ಫಾರಂನಾಗ ಇನ್ನೊಂದು ಸಾಲು ಸೇರಿಸೋದಕ್ಕೆ ನೇಕಾರ ಸಂಘಟನೆಗಳು ಈಗಿನಿಂದಲೇ ಪಟ್ಟು ಹಿಡಿಯಬೇಕು: ಈ ಮನೆಯೊಳಗೆ ಕೊಂಡಿ ಹಾಕುವವರು ಯಾರು, ಅವರ ವಯಸ್ಸೆಷ್ಟು, ಅವರ ಹತ್ತಿರ ಕಲೀತಿರುವವರು ಯಾರು.